ಸರ್ವೆ ಮರಕ್ಕೆ ಗೆಜ್ಜೆವಸ್ತ್ರ

ನಮ್ಮ ಮಧುಗಿರಿಯ ಬೀದಿಯಲ್ಲಿ ಹತ್ತಿಯ ಕೆಲಸ ಅಂದರೆ ಅದು ಕಮಲಾಕ್ಷಮ್ಮನದೇ. ಹಿತ್ತಲಲ್ಲಿ ತಾನೇ ಬೆಳೆಸಿದ ಹತ್ತಿಗಿಡ. ಕಾಯಿ ಬಿರಿದಾಗ ಬಿಡಿಸಿ, ಬೀಜ ತೆಗೆದು, ಬಿಸಿಲಿಗೆ ಹರವಿ, ಬೆರಳಿಗೆ ಚೂರು ವಿಭೂತಿ ಸವರಿಕೊಂಡು ಕೂತಳೆಂದರೆ ಹತ್ತಿ ಜಾರದೆ ಎಳೆಯಾಗಿ ಬರುತ್ತಿತ್ತು. ಎಳೆಯ ನಡುನಡುವೆ ಮೊಗ್ಗಿನಂಥ ಉಂಡೆ, ಉಂಡೆಗೂ ಉಂಡೆಗೂ ನಡುವೆ ಕುಂಕುಮದ ಚುಕ್ಕೆ. ದೇವರಿಗೆ ಏರಿಸುವ ಈ ಹತ್ತಿಹಾರಕ್ಕೆ ಗೆಜ್ಜೆವಸ್ತ್ರ ಅನ್ನುತ್ತೇವೆ. ವರಮಹಾಲಕ್ಷ್ಮಿ, ಗೌರಿ ಹಬ್ಬ ಹತ್ತಿರ ಬಂದರೆ ಬೀದಿಯ ಹೆಂಗಸರೆಲ್ಲ ಅವಳ ಜಗಲಿಯ ಮೇಲೇ ಇರುತ್ತಿದ್ದರು.

ಗಂಡ ರುದ್ರಮುನಿ ಕೋರ್ಟಿನಲ್ಲಿ ಜವಾನ. "ಜಡ್ಜು ಸಾಹೇಬ್ರ ತೀರ್ಪಿಗಾದ್ರೂ ಅಪೀಲು ಐತೆ, ನಮ್ಮನೆಯೋಳ ತೀರ್ಪಿಗೆ ಇಲ್ಲ" ಎಂದು ನಗಿಸುತ್ತಿದ್ದ. ಒಂದು ಬೇಸಿಗೆ, ಎದೆನೋವೆಂದು ಕೂತವನು ಏಳಲಿಲ್ಲ.

ಆ ಶ್ರಾವಣದಲ್ಲಿ ಕಮಲಾಕ್ಷಮ್ಮ ಹತ್ತಿ ಬಿಡಿಸಿಟ್ಟುಕೊಂಡು ಕಾದಳು. ಯಾರೂ ಬರಲಿಲ್ಲ. ಗಂಡ ಇಲ್ಲದವಳು ಕುಂಕುಮದ ಚುಕ್ಕೆ ಇಟ್ಟ ಹಾರ ಮುತ್ತೈದೆಯರ ಪೂಜೆಗೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಜಗಲಿ ದಾಟಿ ನಡೆದುಹೋದ ಕಾಲುಗಳೇ ಹೇಳಿದವು. ನಾವು ಲಿಂಗಾಯತರು, ಶರಣರ ಮಕ್ಕಳು, ನಮ್ಮಲ್ಲಿ ಇಂಥ ಭೇದವೆಲ್ಲ ಇಲ್ಲ ಅಂತ ಮಾತಿಗೆ ಅನ್ನುತ್ತೇವೆ, ಅಷ್ಟೇ. ಪಕ್ಕದ ಬೀದಿಯ ಜ್ಯೋತಿಲಕ್ಷ್ಮಿ ಎದುರಿಗೆ ಸಿಕ್ಕಿಬಿದ್ದಳು.

"ಈ ಸಲ ಅಂಗಡೀಲೇ ತಂದ್ಬುಟ್ಟೆ ಕಣತ್ತೆ. ನಿಮಗ್ಯಾಕೆ ತೊಂದ್ರೆ ಅಂತ."

"ಒಳ್ಳೇದಾತು ಬುಡಮ್ಮ" ಎಂದಳು ಕಮಲಾಕ್ಷಮ್ಮ. ಆಮೇಲೆ ಅವಳು ಗೆಜ್ಜೆವಸ್ತ್ರ ಹೊಸೆಯಲಿಲ್ಲ. ತನ್ನ ಮನೆಯ ದೀಪಕ್ಕೆ ಬೇಕಾದ ಬತ್ತಿ, ಅಷ್ಟೇ. ಗಿಡದಲ್ಲಿ ಬಿರಿದ ಹತ್ತಿ ಗಾಳಿಗೆ ಹಾರಿ ಪಕ್ಕದ ಮನೆಯ ನಮ್ಮ ಹಿತ್ತಲಿಗೆ ಬಂದು ಬೀಳುತ್ತಿತ್ತು. ಹೀಗೇ ಮೂರು ವರ್ಷ ಕಳೆಯಿತು.

ಎದುರು ಮನೆಗೆ ಎಸ್ತೇರಮ್ಮ ಬಾಡಿಗೆಗೆ ಬಂದದ್ದು ನಮ್ಮ ಪುಣ್ಯ. ಪಾವಗಡದ ತಿರುಮಣಿ ಕಡೆಯವಳು, ನರ್ಸ್ ಆಗಿ ರಿಟೈರ್ ಆದವಳು. ಊರಿನ ಹೊಲ ಸೋಲಾರ್‌ನವರಿಗೆ ಗುತ್ತಿಗೆಗೆ ಹೋಗಿದೆ. ಕನ್ನಡ, ತೆಲುಗು ಎರಡನ್ನೂ ಕಲಸಿ ಗಟ್ಟಿಯಾಗಿ ಮಾತಾಡುತ್ತಾಳೆ. ಕಮಲಾಕ್ಷಮ್ಮನ ಹಳೆಯ ಹತ್ತಿಹಾರದ ಸುದ್ದಿ ನಾನೇ ಅವಳ ಕಿವಿಗೆ ಹಾಕಿದ್ದೆ. ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ, ಕಮಲಾಕ್ಷಮ್ಮನೂ ನಾನೂ ಜಗಲಿಯಲ್ಲಿದ್ದಾಗ, ಬಂದು ನಮ್ಮಿಬ್ಬರ ನಡುವೆ ಕೂತು ಅವಳ ಕಡೆ ತಿರುಗಿದಳು.

"ಅಕ್ಕಾ, ನಮ್ಮ ಚರ್ಚಲ್ಲಿ ಕ್ರಿಸ್‌ಮಸ್ ಮರ ಕಟ್ತಾ ಇದೀವಿ. ಈ ಸಲ ಹಿಮದ ಥೀಮ್ ಅಂತೆ, ಎಲ್ಲಾ ಬೆಳ್ಳಗೆ ಇರಬೇಕಂತೆ. ಪ್ಲಾಸ್ಟಿಕ್ ಬೇಡ, ಕೈಯಾರೆ ಮಾಡಿದ್ದೇ ಆಗಬೇಕಂತೆ. ನಿನ್ನ ಹತ್ತಿ ಹಾರ ಮಾಡಿಕೊಡು."

ಕಮಲಾಕ್ಷಮ್ಮ ಸೆರಗಿನ ತುದಿ ನೋಡುತ್ತಾ ಕೂತಳು. "ನಾನ್ ಮಾಡಿದ್ದು ಹಬ್ಬಕ್ಕೆ ಆಗ್ತದಾ, ಎಸ್ತೇರಮ್ಮ? ನಿಮ್ಮೋರು ಏನಾರ ಅಂದ್ರೆ?"

"ಎಂದುಕಕ್ಕಾ? ಯಾಕೆ ಅಂತಾರೆ?"

"ಗಂಡ ಇಲ್ದೋಳು ನಾನು."

"ನನ್ನ ಗಂಡ ಏನ್ ಮನೇಲಿ ಕಾಫಿ ಕುಡೀತಾ ಕೂತವ್ನಾ? ಅವನು ಹೋಗಿ ಎಷ್ಟು ಕಾಲಾಯ್ತು! ನಾನು ಚರ್ಚಲ್ಲಿ ಮುಂದಿನ ಸಾಲಲ್ಲೇ ಕೂತ್ಕಂತೀನಿ. ಕೊಡ್ತೀಯೋ ಇಲ್ವೋ, ಅದು ಹೇಳು."

ಮರುದಿನ ಬೆಳಿಗ್ಗೆ ಕಮಲಾಕ್ಷಮ್ಮ ಮೊರ ತುಂಬ ಹತ್ತಿ ತಂದಿಟ್ಟಳು. ನಾನು ಬೀಜ ಬಿಡಿಸಿ ಕೊಡುತ್ತಿದ್ದೆ. ಇಷ್ಟು ವರ್ಷ ಸುಮ್ಮನಿದ್ದ ಬೆರಳು ಮೊದಮೊದಲು ತಡವರಿಸಿತು, ಎಳೆ ಎರಡು ಸಲ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಉಂಡೆಗಳು ಒಂದರ ಹಿಂದೊಂದು ಸಮನಾಗಿ ಬರತೊಡಗಿದವು. ನಾಲ್ಕಾರು ದಿನದಲ್ಲಿ ಒಂದು ಬುಟ್ಟಿ ತುಂಬಿತು. ಎಲ್ಲ ಬೆಳ್ಳಗೆ.

ನನಗೆ ಮುಗಿಯಿತು ಅನ್ನಿಸಿತ್ತು. ಅವಳು ಬುಟ್ಟಿಯನ್ನೇ ದಿಟ್ಟಿಸುತ್ತಿದ್ದಳು.

"ಬೋಳು ಹತ್ತಿನ ಹಬ್ಬದ ಮನೆಗೆ ಹೆಂಗಕ್ಕ ಕೊಡಾದು? ಹೆಣದ ಮೂಗಿಗಲ್ವಾ ಬೋಳು ಹತ್ತಿ ಇಡಾದು? ನನ್ನ ಕೈಯಿಂದ ಆಗಕ್ಕಿಲ್ಲ. ನೀನು ಮುತ್ತೈದೆ, ಚುಕ್ಕೆ ನೀನೇ ಇಡು."

ಬಟ್ಟಲಲ್ಲಿ ಕುಂಕುಮ ಕಲಸಿ ತಂದೆ. ನನ್ನ ಬೆರಳೋ ಕಟ್ಟಿಗೆ ಒಡೆದ ಬೆರಳು. ಇಟ್ಟ ಚುಕ್ಕೆ ಉಂಡೆಗೆಲ್ಲ ಹರಡಿ ಗಾಯದ ಹಾಗೆ ಕಂಡಿತು. ಎರಡನೆಯದೂ ಹಾಗೇ ಆಯಿತು.

"ಅಯ್ಯೋ, ಕೆಡಿಸ್ಬುಟ್ಯಲ್ಲಕ್ಕ! ತತ್ತಾ ಇಲ್ಲಿ" ಎಂದು ಬಟ್ಟಲು ಕಿತ್ತುಕೊಂಡು ತಾನೇ ಬೆರಳು ಅದ್ದಿದಳು. ಅದ್ದಿದ ಬೆರಳು ಬಟ್ಟಲಲ್ಲೇ ಒಂದು ಗಳಿಗೆ ನಿಂತಿತು. ನಾನು ಉಳಿದ ಬೀಜ ಆರಿಸುವವಳ ಹಾಗೆ ಆಚೆ ತಿರುಗಿಕೊಂಡೆ. ಆಮೇಲೆ ನೋಡುತ್ತೇನೆ, ಚುಕ್ಕೆಗಳು ಸಾಲಾಗಿ ಏಳುತ್ತಿವೆ, ಒಂದೂ ಹರಡಿಲ್ಲ.

ಮರ ಕಟ್ಟುವ ದಿನ ಮೂವರೂ ಹೋದೆವು. ಬಕೆಟ್ಟಿನ ಮರಳಿನಲ್ಲಿ ಸರ್ವೆ ಮರದ ದೊಡ್ಡ ಕೊಂಬೆ ನೆಟ್ಟಿದ್ದರು. ಬಿಳಿ ಕಾಗದದ ನಕ್ಷತ್ರ, ಸುಣ್ಣ ಬಳಿದ ತೆಂಗಿನ ಚಿಪ್ಪಿನ ಗಂಟೆ, ಬಿಳಿ ಬಟ್ಟೆಯ ಗೊಂಬೆ ಎಲ್ಲ ತೂಗಾಡುತ್ತಿದ್ದವು. ಅನುಷಾ ಎಂಬ ಟೀಚರ್ ಹುಡುಗಿ ಸ್ಟೂಲಿನ ಮೇಲೆ ನಿಂತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಬುಟ್ಟಿಯ ಬಟ್ಟೆ ತೆಗೆದಾಗ ಅವಳ ಮುಖ ಬಾಡಿತು.

"ಎಷ್ಟು ಚೆನ್ನಾಗೈತೆ ಆಂಟಿ... ಆದ್ರೆ ಹಿಮ ಬಿಳಿ ಅಲ್ವಾ? ಕೆಂಪು ಯಾಕೆ ಬಂತು?"

ಹಿಂದಿನಿಂದ ಒಬ್ಬರು, "ಕುಂಕುಮ ಅಲ್ವೇನ್ರೀ ಅದು? ಪಾಸ್ಟರ್ ಏನಂತಾರೋ" ಎಂದರು.

ಕಮಲಾಕ್ಷಮ್ಮನ ಕತ್ತು ತಗ್ಗಿತು. "ತಪ್ಪಾತು ಕಣಮ್ಮ. ಕತ್ತರಿ ಕೊಡು, ಚುಕ್ಕೆ ಇರೋ ಕಡೆ ಕತ್ತರಿಸಿ ಕೊಡ್ತೀನಿ."

ಕತ್ತರಿಸಿದರೆ ಹಾರ ಎಲ್ಲಿ ಉಳಿದೀತು? ಬರೀ ಹತ್ತಿ ಉಂಡೆ. ಈ ಬುಟ್ಟಿ ಮನೆಗೆ ವಾಪಸ್ ಬಂದರೆ ಅವಳು ಇನ್ನು ಜನ್ಮದಲ್ಲಿ ಹತ್ತಿ ಮುಟ್ಟುವವಳಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ. "ನಮ್ಮಲ್ಲಿ ಬೋಳು ಹತ್ತಿ ಸಾವಿನ ಮನೆಗೆ ಕಣಮ್ಮ. ನಿಮ್ಮ ಹಬ್ಬ ಚೆನ್ನಾಗಿರಲಿ ಅಂತ ಚುಕ್ಕೆ ಇಟ್ಟವಳೆ."

ಎಸ್ತೇರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಲೇ, ನಿಮ್ಮಲ್ಲಿ ಯಾರಮ್ಮ ಹಿಮ ನೋಡಿರೋರು? ಕೈಯೆತ್ತಿ! ನಮ್ಮ ಪಾವಗಡದಾಗೆ ಹಿಮ ಬಿದ್ರೆ ಕೆಂಪಾಗೇ ಬೀಳಾದು, ಅಷ್ಟು ಧೂಳೈತೆ. ಪಾಸ್ಟರಿಗೆ ನಾನು ಹೇಳ್ತೀನಿ. ಹರಸಿ ಕೊಟ್ಟಿದ್ದನ್ನ ಬೇಡ ಅಂತ ಯಾವ ಪುಸ್ತಕದಲ್ಲೂ ಇಲ್ಲ."

ಮೊದಲು ನಕ್ಕದ್ದು ಅನುಷಾ. ನಗುತ್ತಲೇ ಸ್ಟೂಲಿನಿಂದ ಇಳಿದು ಒಂದು ಹಾರವನ್ನು ಎರಡೂ ಕೈಯಲ್ಲಿ ಎತ್ತಿದಳು. ಎಲ್ಲಿ ಹಿಡಿದರೂ ಎಳೆ ಜಗ್ಗುತ್ತಿತ್ತು.

"ಇದು ಹರಿದ್ಹೋಗ್ತದೆ, ನನಗೆ ಬರಲ್ಲ. ನೀವೇ ಕಟ್ಟಿ ಆಂಟಿ."

"ನಾನಾ? ಮೊದ್ಲು ಬೇರೆ ಯಾರಾದ್ರೂ ಮುಟ್ಲಿ."

"ಬೇರೆ ಯಾರಿಗೂ ಬರಲ್ವಲ್ಲ. ಬನ್ನಿ, ಸ್ಟೂಲ್ ಹಿಡ್ಕೊಂಡಿರ್ತೀನಿ."

ಕಮಲಾಕ್ಷಮ್ಮ ಚಪ್ಪಲಿ ಬಿಟ್ಟು ಬಂದಿದ್ದಳು, ಕಾಲು ಒರೆಸಿಕೊಂಡು ಹತ್ತಿದಳು. ಮರದ ನೆತ್ತಿಯಿಂದ ಶುರುಮಾಡಿ ಸುತ್ತುತ್ತಾ ಬಂದಳು. ಅಷ್ಟು ಬಿಳುಪಿನ ನಡುವೆ ಆ ಚುಕ್ಕೆಗಳು ಕೊಂಬೆ ಕೊಂಬೆಯಲ್ಲಿ ಹಣ್ಣು ಬಿಟ್ಟ ಹಾಗೆ ಕಂಡವು. ಅಷ್ಟರಲ್ಲಿ ಯಾರೋ ಕೆಂಪು ಕಾಗದ ಹುಡುಕಲು ಹೋಗಿದ್ದರು, ನಕ್ಷತ್ರಗಳಿಗೂ ನಡುವೆ ಒಂದೊಂದು ಚುಕ್ಕೆ ಅಂಟಿಸಲು.

ಕ್ರಿಸ್‌ಮಸ್ ದಿನ ನಮ್ಮನ್ನೂ ಕರೆದಿದ್ದರು. ಕೇಕು ಕೊಟ್ಟರು, ಮರದ ಮುಂದೆ ಕೂರಿಸಿದರು. ಎಸ್ತೇರಮ್ಮನ ಕೈ ಹಿಡಿದು ಕಮಲಾಕ್ಷಮ್ಮ "ನಿನ್ನಿಂದ ನಾನು..." ಎಂದು ತೊದಲಿದಳು. "ಏಮ್ಮಾ, ಕೇಕು ಗಂಟಲಲ್ಲಿ ಸಿಕ್ಕಂತಾ?" ಎಂದು ಎಸ್ತೇರಮ್ಮ ನೀರು ತರಲು ಎದ್ದಳು. ಆ ತಾಯಿಗೆ ನಾನು ಮನಸ್ಸಲ್ಲೇ ಕೈಮುಗಿದೆ.

ಹೊರಡುವಾಗ ಅನುಷಾ ಓಡಿಬಂದು ದಾರಿಗೆ ಅಡ್ಡ ನಿಂತಳು.

"ಆಂಟಿ, ಜನವರಿ ಕೊನೇಲಿ ನನ್ನ ಮದುವೆ, ಇಲ್ಲೇ. ನಾವು ನಿಂತ್ಕೊಳ್ಳೋ ಜಾಗದ ಹಿಂದೆ ಇಂಥದ್ದೇ ಹಾರ ಇಳಿಬಿಡಬೇಕು ಅಂತ ಆಸೆ. ಮಾಡಿಕೊಡ್ತೀರಾ?"

"ಮದುವೆಗಾ?" ಎಂದಳು ಕಮಲಾಕ್ಷಮ್ಮ. ನನ್ನ ಮುಖ ನೋಡಿದಳು. ಆಮೇಲೆ ಹುಡುಗಿಯ ಮುಖ ನೋಡಿದಳು. "ನಿಮ್ಮಮ್ಮನ್ನ ಕೇಳ್ದ್ಯಾ?"

"ಅಮ್ಮಾನೇ ಕೇಳು ಅಂದಿದ್ದು."

ಕಮಲಾಕ್ಷಮ್ಮ ದಾರಿಯುದ್ದಕ್ಕೂ ನಮಗಿಂತ ಮುಂದೆ ಮುಂದೆ ನಡೆದಳು. ಮನೆಯ ಬಾಗಿಲ ಬೀಗ ತೆಗೆದವಳು ಒಳಗೆ ಕೂರದೆ ನೇರ ಹಿತ್ತಲಿಗೆ ನಡೆದಳು. ಗೋಡೆಯ ಆಚೆಯಿಂದ ಅವಳ ದನಿ ಕೇಳಿಸಿತು.

"ಅಕ್ಕಾ, ಇಲ್ಲಿರೋ ಹತ್ತಿ ಸಾಲಕ್ಕಿಲ್ಲ ಕಣೇ. ನಿಮ್ಮ ಕಡೆ ಹಾರಿ ಬಿದ್ದಿರೋದನ್ನೂ ಆರಿಸಿಡು."