ಅವರೆಕಾಳಿನಷ್ಟು ಮೀನು, ಸೊಸೆಯ ಕಾಲ್ಗುಣ

ಶಹಾಪುರದ ನನ್ನ ಅಣ್ಣನ ಮನೆಗೆ ಗಾಜಿನ ಮೀನುತೊಟ್ಟಿ ಬಂದದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ. ಕಾಲುವೆ ನೀರು ಹೊಲಕ್ಕೆ ಹರಿದ ಮೇಲೆ ಜೋಳ ಬಿಟ್ಟು ಭತ್ತ ಹಿಡಿದ ಮನೆಗಳು ಒಂದೊಂದಾಗಿ ನೆಲಕ್ಕೆ ಟೈಲ್ಸ್ ಹಾಕಿಸಿಕೊಂಡವು. ಟೈಲ್ಸಿನ ಹಿಂದೆಯೇ ವಾಸ್ತು ಹೇಳುವವನೂ ಬಂದ. ಈಶಾನ್ಯ ಮೂಲೆಯಲ್ಲಿ ನೀರಿರಬೇಕು, ನೀರಿನಲ್ಲಿ ಜೀವವಿರಬೇಕು, ಆ ಜೀವ ಸತ್ತರೆ ಮನೆಯ ಮೇಲಿನ ಕೆಟ್ಟ ದೃಷ್ಟಿಯನ್ನು ಹೊತ್ತುಕೊಂಡು ಹೋಯಿತೆಂದು ತಿಳಿಯಬೇಕು ಎಂದ. ತಹಸೀಲ ಕಚೇರಿಯಲ್ಲಿ ಜೀವಮಾನವೆಲ್ಲ ಕಡತ ನೋಡಿ, ಒಂದು ಸಹಿ ಕಡಿಮೆಯಿದ್ದರೂ ರೈತರನ್ನು ವಾಪಸು ಕಳಿಸುತ್ತಿದ್ದ ಅಣ್ಣ, ಈ ಮಾತಿಗೆ ಒಂದು ದಾಖಲೆಯನ್ನೂ ಕೇಳಲಿಲ್ಲ.

ನಾನು ಆಗ ಸುರಪುರದಲ್ಲಿ ಶಾಲಾ ಮಾಸ್ತರ. ಪ್ರಶ್ನೆ ಕೇಳುವುದೇ ಪಾಠವೆಂದು ಕಲಿಸಿದ ಶಾಲೆಯಲ್ಲಿ ಓದಿ ಬಂದವನು. ಅಣ್ಣನ ಮಗನ ಮದುವೆಗೆ ಎಲ್ಲರೂ ಸ್ಟೀಲಿನ ಡಬ್ಬಿ ತಂದರೆ, ನೋಡಿ ಕಲಿಯುವಂಥದ್ದನ್ನು ಕೊಡಬೇಕೆಂಬ ಹಮ್ಮಿನಿಂದ ನಾನು ಕಲಬುರಗಿಯ ಅಂಗಡಿಯೊಂದರಿಂದ ಮೂರು ಕುಬ್ಜ ಪಫರ್ ಮೀನು ತಂದೆ. ಅವರೆಕಾಳಿನಷ್ಟು ಗಾತ್ರ, ಹಳದಿ ಮೈಮೇಲೆ ಕಪ್ಪು ಮಚ್ಚೆ, ಒಂದೊಂದು ಕಡೆಗೆ ಹೊರಳುವ ಒಂದೊಂದು ಕಣ್ಣು. “ಸಾಧು ಮೀನ್ರಿ, ಯಾವುದರ ಜೋಡಿ ಬಿಟ್ಟರೂ ಇರ್ತಾವ,” ಎಂದ ಅಂಗಡಿಯವನು. ಕೇರಳದ ಹೊಳೆಗಳಲ್ಲಿ ಬಲೆ ಹಾಕಿ ಹಿಡಿದು, ಪ್ಲಾಸ್ಟಿಕ್ ಚೀಲದಲ್ಲಿ ಉಸಿರು ಕಟ್ಟಿಸಿ ಊರೂರು ದಾಟಿಸುವ ಆ ವ್ಯಾಪಾರದ ಸುಳ್ಳನ್ನು ನಾನು ಹಾಗೆಯೇ ನಂಬಿದೆ.

ದೇವಾಪುರದಿಂದ ಬಂದ ಸೊಸೆಗೆ ಆ ಮನೆಯಲ್ಲಿ ಸಿಕ್ಕ ಮೊದಲ ಕೆಲಸವೆಂದರೆ, ಬೆಳಿಗ್ಗೆ ತೊಟ್ಟಿಯಲ್ಲಿ ತೇಲುವ ಸತ್ತ ಮೀನನ್ನು ತೆಗೆದು, ಉಪ್ಪು ಕೂಡಿಸಿ, ಮೂರು ದಾರಿ ಸೇರುವಲ್ಲಿ ಚೆಲ್ಲಿ, ಹಿಂದೆ ನೋಡದೆ ಬರುವುದು. ತೊಟ್ಟಿಯಲ್ಲಿ ಮೊದಲಿನಿಂದ ಗಪ್ಪಿ ಎಂಬ ಪುಟ್ಟ ಮೀನುಗಳ ಒಂದು ಹಿಂಡೂ ಉದ್ದ ಬಾಲದ ಎರಡು ಗೋಲ್ಡ್ ಫಿಶ್‌ಗಳೂ ಇದ್ದವು. ಗಪ್ಪಿಗಳು ದಿನಕ್ಕೊಂದರಂತೆ ಸತ್ತವು. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಹಿಗ್ಗಿ ಹೋದರು.

“ನೋಡ್ರಿ ಮಾಸ್ತರ, ಸೊಸಿ ಕಾಲಿಟ್ಲು, ಮನಿ ದೃಷ್ಟಿ ಎಲ್ಲಾ ಹರ್ಕೊಂಡ್ ಹೋಗಾಕತ್ತದ!”

ಆ ವಾರ ಕಾಲುವೆಗೆ ನೀರು ಬಿಟ್ಟದ್ದೂ ಸತ್ತ ಗಪ್ಪಿಗಳ ಪುಣ್ಯವೆಂದೇ ಆಯಿತು. ನೀರು ಬಿಡಲು ಸಹಿ ಮಾಡಿದ ಎಂಜಿನಿಯರನಿಗೆ ಈ ವಿಷಯ ತಿಳಿಯದೇ ಹೋಯಿತು.

ಮುಂದಿನ ತಿಂಗಳು ಗೋಲ್ಡ್ ಫಿಶ್‌ಗಳೆರಡೂ ಸತ್ತವು. ಅದೇ ವಾರ ಅಣ್ಣನಿಗೆ ಗುರುಮಠಕಲ್ಲಿಗೆ ವರ್ಗಾವಣೆಯ ಆದೇಶ ಬಂತು. ಉಪ್ಪು ಅದೇ, ಮೂರು ದಾರಿಯೂ ಅದೇ. ಸಾವಿನ ಅರ್ಥ ಮಾತ್ರ ತಲೆಕೆಳಗಾಯಿತು. ಲಕ್ಷ್ಮಿಯಂಥ ಮೀನು ಸತ್ತಿವೆ, ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ವೈನಿ ತೀರ್ಪು ಕೊಟ್ಟರು. ಶಿಕ್ಷೆಯನ್ನು ಅಣ್ಣ ನನಗೆ ಫೋನಿನಲ್ಲಿ, ಹವಾಮಾನ ತಿಳಿಸುವವನಂತೆ ತಿಳಿಸಿದ: “ಪಂಚಮಿಗೆ ತವರಿಗೆ ಹೋಗ್ಲಿ. ಕರಿಯಾಕ ಮಾತ್ರ ಯಾರೂ ಹೋಗೂದು ಬ್ಯಾಡ ಅಂತಾಳ ನಿಮ್ಮ ವೈನಿ.”

ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಮದುವೆಯಾದ ಹೆಣ್ಣುಮಗಳನ್ನು ಕರೆದೊಯ್ಯುವುದು ಸಂಭ್ರಮ. ಅದೇ ಸಂಭ್ರಮದಲ್ಲಿ, ಜಗಳವಿಲ್ಲದೆ, ಒಂದು ಏರುದನಿಯೂ ಇಲ್ಲದೆ ಆಕೆಯನ್ನು ಹೊರಹಾಕುವ ದಾರಿಯನ್ನೂ ನಮ್ಮ ಸಭ್ಯ ಮನೆಗಳು ಕಂಡುಕೊಂಡಿವೆ. ತವರಿನವರು ಹಬ್ಬದ ಉಂಡಿಯ ಡಬ್ಬಿ ಬರಿದಾಗುವವರೆಗೂ ಗಂಡನ ಮನೆಯವರ ದಾರಿ ಕಾಯುತ್ತಾರೆ. ದೀಪಾವಳಿಗೆ ಅವರಿಗೆ ಅರ್ಥವಾಗುತ್ತದೆ.

ನಾನು ಆ ಭಾನುವಾರವೇ ಶಹಾಪುರದ ಬಸ್ಸು ಹತ್ತಿದೆ. ಸೊಸೆ ತೊಟ್ಟಿಯ ಮುಂದೆ ಕುಳಿತಿದ್ದಳು.

“ಕಾಕಾರ, ಅದನ್ನ ನೋಡ್ರಿ,” ಎಂದು ಪಫರ್ ಮೀನನ್ನು ತೋರಿಸಿದಳು. “ಮೂರಿದ್ವು. ಜೋಡಿ ಬಂದ ಎರಡನ್ನ ಮೊದಲ ಮುಗಿಸ್ಯದ. ಆಮ್ಯಾಲ ಗಪ್ಪಿ. ಆಮ್ಯಾಲ ಆ ದೊಡ್ಡವು. ಪಾಪ, ಅವಕ್ಕ ಓಡಾಕ ಬರಂಗಿಲ್ಲ, ಬಾಲ ಭಾರ.”

“ನಿಮ್ಮ ಅತ್ತಿ ಮುಂದ ಹೇಳಲಿಲ್ಲೇನವ್ವ?”

“ಹೇಳೀನ್ರಿ. ಅವರಿಕಾಳಿನಷ್ಟ್ ಮೀನು ಅಂಗೈಯಷ್ಟ್ ಮೀನ ಕೊಲ್ತದೇನ, ಬಾಯಿಗೆ ಬಂದಂಗ ಸುಳ್ಳ ಹೇಳಬ್ಯಾಡ ಅಂದ್ರು.”

ತೊಟ್ಟಿಯಲ್ಲಿ ಒಂದೇ ಒಂದು ಗಪ್ಪಿ ಉಳಿದಿತ್ತು. ನಾನೂ ಕುರ್ಚಿ ಎಳೆದುಕೊಂಡು ಕುಳಿತೆ. ಮನೆಯವರು ಉದುರಿಸಿದ ಒಣ ಆಹಾರದತ್ತ ಪಫರ್ ತಿರುಗಿಯೂ ನೋಡಲಿಲ್ಲ. ನಿಂತಲ್ಲೇ ನಿಂತು, ಒಂದು ಕಣ್ಣಿನಿಂದ ನಮ್ಮನ್ನೂ ಇನ್ನೊಂದರಿಂದ ಗಪ್ಪಿಯನ್ನೂ ಅಳೆಯಿತು; ಮೆಲ್ಲಗೆ ಹಿಂದಿನಿಂದ ಸರಿದು ಬಾಲದಲ್ಲಿ ಅರ್ಧಚಂದ್ರದಷ್ಟನ್ನು ಕಚ್ಚಿ ತೆಗೆಯಿತು. ಬಳಿಕ ಮೀನು ಸಾಕಿ ಬಲ್ಲವರನ್ನು ವಿಚಾರಿಸಿದೆ. ಈ ಜೀವಿ ಬೇಟೆಗಾರ. ಜೀವಂತ ಹುಳು, ಸಣ್ಣ ಬಸವನಹುಳು ಅದರ ಊಟ. ಮರೆಯಾಗಲು ದಟ್ಟ ಜಲಸಸ್ಯ ಬೇಕು. ಇಕ್ಕಟ್ಟಿನಲ್ಲಿ ಇಟ್ಟರೆ ಗಂಡು ಮೀನು ತನ್ನ ಜಾತಿಯನ್ನೇ ಸಹಿಸದು; ಉದ್ದ ಬಾಲದ ನಿಧಾನಿಗಳ ಜೊತೆಗಂತೂ ಅದನ್ನು ಬಿಡಲೇಬಾರದು. ಮೀನು ತನ್ನ ಸ್ವಭಾವದಂತೆ ಬದುಕಿತ್ತು. ತಪ್ಪು ಮಾರಿದವನದು, ತಂದವನದು, ಸಾವನ್ನು ಶುಭವೆಂದು ಎಣಿಸಿ, ಕೊಂದವರು ಯಾರೆಂದು ಕಣ್ಣೆತ್ತಿ ನೋಡದ ಮನೆಯದು. ನನ್ನ ಉಡುಗೊರೆಯ ಮಾತು ಬರದಂತೆ ವಾದ ಹೂಡಬಹುದೇ ಎಂದು ನಾನು ಎರಡು ದಿನ ಯೋಚಿಸಿದ್ದು ನನ್ನ ಇನ್ನೊಂದು ತಪ್ಪು.

ಪಂಚಮಿಯ ಹಿಂದಿನ ದಿನ ಸೊಸೆಯ ಅಣ್ಣ ದೇವಾಪುರದಿಂದ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ನಾನು ಪಫರನ್ನು ಒಂದು ಗಾಜಿನ ಜಾಡಿಗೆ ತೆಗೆದು ಎಲ್ಲರ ನಡುವೆ ಇಟ್ಟೆ. ಬಾಲ ಹರಿದ ಗಪ್ಪಿಯನ್ನು ಪಕ್ಕದ ಬಟ್ಟಲಲ್ಲಿ ತೋರಿಸಿದೆ.

“ಕೊಂದದ್ದು ಇದು. ತಂದದ್ದು ನಾನು. ಈ ಹುಡುಗಿ ಕಾಲು ನೀರಾಗ ಇಳಿದಿಲ್ಲ,” ಎಂದೆ.

ವೈನಿ ಜಾಡಿಯನ್ನೂ ನನ್ನನ್ನೂ ನೋಡಿದರು. “ಹಂಗಾರ ಕಾಲ್ಗುಣ ಅಲ್ಲ, ನಿಮ್ಮ ಕೈಗುಣ ಅನ್ರಿ ಮಾಸ್ತರ. ಇಷ್ಟ್ ಓದಿ ಶನಿ ತಂದ್ ಇಟ್ಟೀರಿ ಮನ್ಯಾಗ.”

ಒಂದು ಮೂಢನಂಬಿಕೆಯನ್ನು ಕಿತ್ತೆನೆಂದು ನಾನು ಬೀಗುವಷ್ಟರಲ್ಲಿ ಅದು ಅಂಗುಲವೂ ಸವೆಯದೆ ಕುರ್ಚಿ ಬದಲಿಸಿತ್ತು.

ಸೊಸೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ದನಿ ಏರಿಸದೆ ಕೇಳಿದಳು: “ನನ್ನ ಕರಿಯಾಕ ಯಾರ್ ಬರ್ತೀರಿ, ಎಂದ್ ಬರ್ತೀರಿ? ನಮ್ಮಣ್ಣನ ಮುಂದ ಹೇಳಿಬಿಡ್ರಿ.”

ಆಕೆಯನ್ನು ಕಟ್ಟಿಕೊಂಡ ಮಹಾಶಯ ಮೊಬೈಲಿನಿಂದ ತಲೆಯೆತ್ತಿ ತಾಯಿಯ ಮುಖ ನೋಡಿದ. ತಾಯಿ ಜಾಡಿಯ ಕಡೆ ನೋಡಿದರು. ಕೊನೆಗೆ ನನ್ನ ಅಣ್ಣನೇ ಕೆಮ್ಮಿ, “ಮುಂದಿನ ಐತವಾರ. ನಾನ ಬರ್ತೀನವ್ವ,” ಎಂದ. ಪರರೆದುರು ಆಡಿದ ಮಾತು. ಗುಮಾಸ್ತನಿಗೆ ಸಾಕ್ಷಿಯ ಬೆಲೆ ಗೊತ್ತು.

ಆ ಭಾನುವಾರ ಅಣ್ಣ ದೇವಾಪುರಕ್ಕೆ ಹೋದ, ಸೊಸೆಯನ್ನು ಕರೆತಂದ. ವೈನಿ ಮಾತ್ರ ಅಂದಿನಿಂದ ನನ್ನ ಕೈಯಿಂದ ಒಂದು ನಿಂಬೆಹಣ್ಣನ್ನೂ ತೆಗೆದುಕೊಂಡಿಲ್ಲ.