ಗಿರಣಿಗೆ ಬಂದ ವೈರಸ್

ಶಾಂತವೀರಪ್ಪನವರ ಅಕ್ಕಿ ಗಿರಣಿ ನಿಂತು ಎರಡು ವರ್ಷವಾದ ಮೇಲೆ, ೧೯೯೭ರಲ್ಲಿ, ಅದರ ಗೋಡೌನಿನಲ್ಲಿ ಶಿಕಾರಿಪುರದ ಹೊಸ ಕಂಪ್ಯೂಟರ್ ತರಗತಿ ಶುರುವಾಯಿತು. ಚೀಲ ಪೇರಿಸುತ್ತಿದ್ದ ಜಾಗದಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು, ಮೇಲೆ ಕೆಂಪು ಮಕಮಲ್ಲಿನ ಬಟ್ಟೆ ಹೊದಿಸಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕಿತ್ತು. ಎಷ್ಟು ಗುಡಿಸಿದರೂ ಗೋಡೆಯ ಸಂದಿಯಿಂದ ತೌಡಿನ ಧೂಳು ಉದುರುತ್ತಲೇ ಇರುತ್ತಿತ್ತು.

ನಾವು ಹನ್ನೆರಡು ಜನ ಸೇರಿಕೊಂಡಿದ್ದೆವು. ಹೆಣ್ಣುಮಕ್ಕಳು ಇಬ್ಬರೇ, ನಾನು ಮತ್ತು ಜ್ಯೋತಿಲಕ್ಷ್ಮಿ. ನಾನು ಊರಿನವಳು, ಅಪ್ಪನದು ಹಗ್ಗ ಮಾರುವ ಅಂಗಡಿ. ಅವಳು ಸೊರಬದ ಆಚೆ, ಕ್ಯಾಸನೂರಿನ ಹತ್ತಿರದ ಹಳ್ಳಿಯವಳು. ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದಳು. ಮನೆಯಲ್ಲಿ ಸ್ವಲ್ಪ ಗದ್ದೆ, ಅರವತ್ತು ಕುರಿ. ಚಿಕ್ಕಂದಿನಿಂದ ಕುರಿ ಕೂಗಿ ಕೂಗಿ ಬೆಳೆದ ಗಂಟಲು ಅವಳದು. ಹಾಜರಿ ಕೂಗಿದಾಗ ಅವಳು “ಯೆಸ್ ಸಾರ್” ಅಂದರೆ ಗಿರಣಿಯ ಸೂರಿನ ಪಾರಿವಾಳಗಳು ಒಮ್ಮೆ ಹಾರಿ ಮತ್ತೆ ಕೂರುತ್ತಿದ್ದವು.

ಪಾಠ ಹೇಳಲು ದಾವಣಗೆರೆಯಿಂದ ರಾಜಕುಮಾರ್ ಎಂಬ ಮೇಷ್ಟ್ರು ಬಂದಿದ್ದರು. ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿತ್ತು. ಕುರ್ಚಿಯಲ್ಲಿ ಕೂರುವುದು ಹುಡುಗರು, ಕೀಲಿಗಳನ್ನು ಒತ್ತುವುದೂ ಅವರೇ. ನಾವಿಬ್ಬರು ಹಿಂದೆ ನಿಂತು ನೋಟ್ಸ್ ಓದಿ ಹೇಳಬೇಕು.

“ನೀವು ನೋಡಿ ಕಲಿಯಿರಿ ಸಾಕು” ಎನ್ನುತ್ತಿದ್ದರು ಮೇಷ್ಟ್ರು.

“ಈಜೂ ಹಂಗೇ ಕಲ್ತಿದ್ರಾ ಸಾರ್?” ಎಂದು ಒಮ್ಮೆ ಜ್ಯೋತಿ ಕೇಳಿದಳು. ಆ ದಿನ ಪೂರ್ತಿ ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿದರು.

ಮರುದಿನದಿಂದ ಜ್ಯೋತಿ ಬಹಳ ಒಳ್ಳೆಯವಳಾಗಿಬಿಟ್ಟಳು. ಅರ್ಧ ಗಂಟೆ ಮೊದಲೇ ಬಂದು, “ನಾನೇ ಧೂಳು ಒರೆಸ್ತೀನಿ ಸಾವ್ಕಾರ್ರೇ” ಎಂದು ಶಾಂತವೀರಪ್ಪನವರಿಂದ ಬೀಗದ ಕೈ ಇಸಿದುಕೊಳ್ಳುತ್ತಿದ್ದಳು. ಇಂಥ ಹುಡುಗಿ ಎಲ್ಲಿ ಸಿಗ್ತಾಳೆ ಎಂದು ಅವರು ನನ್ನ ಅಪ್ಪನ ಮುಂದೆಯೂ ಹೊಗಳಿದರು. ಒಳಗೆ ಅವಳು ಎರಡು ನಿಮಿಷ ಧೂಳು ಒರೆಸಿ, ಉಳಿದ ಹೊತ್ತೆಲ್ಲ ಮೇಷ್ಟ್ರು ಮೇಜಿನ ಮೇಲೆ ಬಿಟ್ಟುಹೋಗುತ್ತಿದ್ದ ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಒಂದೊಂದೇ ಕೀಲಿ ಒತ್ತುತ್ತಿದ್ದಳು. ನಾನು ಬಾಗಿಲಲ್ಲಿ ಕಾವಲು. ಎರಡು ತಿಂಗಳಲ್ಲಿ ಹುಡುಗರಿಗೆ ಗೊತ್ತಿಲ್ಲದ್ದೆಲ್ಲ ಅವಳಿಗೆ ಗೊತ್ತಾಗಿತ್ತು.

ಪರೀಕ್ಷೆ ಒಂದು ಸೋಮವಾರ ಎಂದು ಗೊತ್ತಾಯಿತು. ಅದರಲ್ಲೂ ನಾವು ಬಾಯಲ್ಲಿ ಉತ್ತರ ಹೇಳಿದರೆ ಸಾಕಂತೆ. ಕುರ್ಚಿ ಹುಡುಗರಿಗೇ.

ಸೋಮವಾರ ಮೇಷ್ಟ್ರು ಮೊದಲನೇ ಕಂಪ್ಯೂಟರ್ ಆನ್ ಮಾಡಿದರು. ಪರದೆಯ ತುಂಬ ಇಂಗ್ಲಿಷಿನ ದಪ್ಪಕ್ಷರಗಳು: ‘ವೈರಸ್ ಸಿಕ್ಕಿದೆ. ಮುಟ್ಟಬೇಡಿ.’ ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಮೇಷ್ಟ್ರ ಮುಖ ಬಿಳುಚಿತು. ವೈರಸ್ ಬಗ್ಗೆ ಅವರು ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನಾಲ್ಕನೆಯದನ್ನು ಆನ್ ಮಾಡುವ ಧೈರ್ಯವಾಗದೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತರು.

“ಯಾರೂ ಮುಟ್ಟಬೇಡಿ! ಒಂದರಿಂದ ಒಂದಕ್ಕೆ ಹರಡಿದೆ. ನಾನು ದಾವಣಗೆರೆಗೆ ಹೋಗಿ ಆ್ಯಂಟಿ ವೈರಸ್ ತರಬೇಕು.”

ಜ್ಯೋತಿ ನನ್ನ ಜಡೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು. ಆನ್ ಆದ ಕೂಡಲೇ ಕಂಪ್ಯೂಟರ್ ತಾನಾಗಿ ಓದಿಕೊಳ್ಳುವ ಒಂದು ಫೈಲ್ ಇರುತ್ತದೆ. ಅದರಲ್ಲಿ ಅವಳು ಎರಡು ಸಾಲು ಸೇರಿಸಿದ್ದಳು, ಅಷ್ಟೇ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಶಾಂತವೀರಪ್ಪನವರು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಮಂಗನ ಕಾಯಿಲೆಯ ಸೂಜಿ ಹಾಕುವವರು ಹಳ್ಳಿಹಳ್ಳಿಯಲ್ಲೂ ಹೇಳುತ್ತಿದ್ದ ಮಾತು ಅದು, ವೈರಸ್. ನಮ್ಮ ಕಡೆಯವರಿಗೆ ಆ ಪದಕ್ಕೆ ಇನ್ನೊಂದು ಅರ್ಥವಿರಲಿಲ್ಲ.

“ಮನುಷ್ಯರಿಗೂ ಬರ್ತೈತೇನ್ರೀ ಸರ್?”

“ಅದು ಬೇರೆ ರೀ, ಇದು ಬೇರೆ” ಎನ್ನುತ್ತಾ ಮೇಷ್ಟ್ರು ಬಸ್ಸಿಗೆ ಓಡಿದರು.

ಬೇರೆ ಎಂದರೂ ಸಾಹುಕಾರರಿಗೆ ನಂಬಿಕೆ ಬರಲಿಲ್ಲ. ಗಿರಣಿಯ ಸುತ್ತ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಒಳಗೆ ಬೇವಿನ ಸೊಪ್ಪಿನ ಹೊಗೆ ಹಾಕಿಸಿದರು. ಸೂರಿನ ಪಾರಿವಾಳಗಳನ್ನು ಓಡಿಸಿದರು. ನಮಗೆ ಮೂರು ದಿನ ರಜೆ ಎಂದು ಬಾಯಲ್ಲೇ ಹೇಳಿ, ಪರ ಊರಿನ ಪೋಷಕರಿಗೆಲ್ಲ ಒಂದೊಂದು ಕಾರ್ಡು ಬರೆದರು: ‘ತರಗತಿಯಲ್ಲಿ ವೈರಸ್ ಕಾಣಿಸಿಕೊಂಡಿರುವುದರಿಂದ ಮೂರು ದಿನ ರಜೆ.’ ನಾವು ಹುಡುಗಿಯರು ಆ ರಜೆಯಲ್ಲಿ ಬಳ್ಳಿಗಾವಿಗೆ ಹೋಗಿ, ದೇವಸ್ಥಾನದ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿಂದು, ಮೇಷ್ಟ್ರು ಪ್ಲಗ್ ಕಿತ್ತದ್ದನ್ನು ಎಂಟು ಸಲ ಅಭಿನಯಿಸಿ ನಕ್ಕೆವು. ಕಾರ್ಡಿನ ವಿಷಯ ನಮಗೆ ತಿಳಿದಿರಲಿಲ್ಲ.

ಶುಕ್ರವಾರ ತರಗತಿ ಮತ್ತೆ ಸೇರಿತು. ಮೇಷ್ಟ್ರು ತಂದ ಫ್ಲಾಪಿ ಹಾಕಿ ನೋಡಿದರು. ಅದು ಏನೂ ಇಲ್ಲ ಎಂದಿತು. ಮತ್ತೆ ಆನ್ ಮಾಡಿದರೆ ಅದೇ ದಪ್ಪಕ್ಷರಗಳು.

“ಇದು ಹೊಸ ಜಾತಿಯದು” ಎಂದರು ಮೇಷ್ಟ್ರು ಗಂಭೀರವಾಗಿ. ಜ್ಯೋತಿ ಇನ್ನೇನು ನಕ್ಕುಬಿಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬರು ಬಂದು ನಿಂತರು. ಅವಳ ಅಪ್ಪ ದೊಡ್ಡಬೀರಪ್ಪ. ಬೆಳಗಿನ ಮೊದಲ ಬಸ್ಸು ಹಿಡಿದು, ಸೊರಬ, ಶಿರಾಳಕೊಪ್ಪ ದಾಟಿ ಬಂದಿದ್ದರು. ಕಾಲು ತೊಳೆಯಲು ಹೇಳಿದ ಸಾಹುಕಾರರ ಮಾತು ಅವರಿಗೆ ಕೇಳಿಸಲೇ ಇಲ್ಲ. ಸೀದಾ ಬಂದು ಎಲ್ಲರೆದುರು ಮಗಳ ಹಣೆಗೆ ಅಂಗೈ ಇಟ್ಟರು. ಆಮೇಲೆ ಕುತ್ತಿಗೆ ಮುಟ್ಟಿ ನೋಡಿದರು.

“ಜ್ವರ ಇಲ್ಲ ಅಲ್ವೇನೆ ಮಗಾ? ತಲೆನೋವು? ಸೊಂಟ ಹಿಡ್ಕಂಡಿದ್ಯಾ?”

“ಇಲ್ಲ ಅಪ್ಪ…”

“ಪೋಸ್ಟಿನವ್ರು ಓದಿ ಹೇಳಿದ್ರು. ಇಲ್ಲಿಗೂ ಬಂತಾ ಅದು?”

ಜ್ಯೋತಿಯ ನಗು ಇಳಿದುಹೋಯಿತು. ಅವಳ ಚಿಕ್ಕಪ್ಪ ಮಂಗನ ಕಾಯಿಲೆಯಲ್ಲೇ ತೀರಿಕೊಂಡಿದ್ದು ನನಗೆ ಗೊತ್ತಾದದ್ದು ಆಮೇಲೆ. ಆ ಕ್ಷಣ ಕಂಡದ್ದು ಅವಳ ಅಪ್ಪ ಮತ್ತೆ ಮತ್ತೆ ಅವಳ ಹಣೆ ಮುಟ್ಟಿ ನೋಡುತ್ತಿದ್ದದ್ದು ಮಾತ್ರ.

ಅವಳು ಯಾರನ್ನೂ ಕೇಳದೆ ಹೋಗಿ ಹುಡುಗರ ಕುರ್ಚಿಯಲ್ಲಿ ಕೂತಳು. ಟಪಟಪ ಎಂದು ಒತ್ತಿ ಆ ಎರಡು ಸಾಲು ಅಳಿಸಿ, ಕಂಪ್ಯೂಟರನ್ನು ಮತ್ತೆ ಆನ್ ಮಾಡಿದಳು. ಪರದೆ ಶುಭ್ರ.

“ವೈರಸ್ ಏನೂ ಇಲ್ಲ ಅಪ್ಪ. ನಾನೇ ಬರ್ದಿದ್ದು. ತಪ್ಪಾಯ್ತು.”

ಮೇಷ್ಟ್ರು ಬಗ್ಗಿ ಪರದೆಯನ್ನು ನೋಡಿದರು.

“ಅಂದ್ರೆ ನಾ ಬ್ಲೀಚಿಂಗ್ ಪೌಡರ್ ಹೊಡ್ಸಿದ್ದು?” ಎಂದರು ಶಾಂತವೀರಪ್ಪನವರು.

“ಸೊಳ್ಳೆ ಕಮ್ಮಿ ಆಗಿರ್ತಾವೆ ಸಾವ್ಕಾರ್ರೇ” ಎಂದಳು, ತಲೆ ತಗ್ಗಿಸಿಕೊಂಡೇ.

ಮೇಷ್ಟ್ರು ಬಾಗಿಲು ತೋರಿಸಿದರು. ಅಪ್ಪ ಮಗಳು ಹೊರಗೆ ಭತ್ತ ಒಣಗಿಸುವ ಕಣದಲ್ಲಿ ಹೋಗಿ ಕೂತರು. ನಾನೂ ಹಿಂದೆ ಹೋದೆ. ಬಾಗಿಲಲ್ಲಿ ಕಾವಲು ಕಾದವಳಲ್ಲವೇ? ದೊಡ್ಡಬೀರಪ್ಪನವರು ಬೈಯಲಿಲ್ಲ.

“ನಿನ್ ಚಿಕ್ಕಪ್ಪನೂ ಮೊದಲ ದಿನ ಬರೀ ತಲೆನೋವು ಅಂತಿದ್ದ” ಎಂದರು. ಜ್ಯೋತಿ ಅವರ ಕಂಬಳಿಯಲ್ಲಿ ಮುಖ ಒರೆಸಿಕೊಂಡಳು. ಆ ಗಟ್ಟಿ ಗಂಟಲಿನಿಂದ ಅಷ್ಟು ಸಣ್ಣ ದನಿಯ ಅಳು ಬಂದೀತೆಂದು ನಾನು ಎಣಿಸಿರಲಿಲ್ಲ.

ಆಮೇಲೆ ಅವರು ಕೇಳಿದರು, “ಆ ಮೇಷ್ಟ್ರಿಗೂ ಗೊತ್ತಾಗ್ಲಿಲ್ವೇನೆ?”

“ಇಲ್ಲ.”

“ಓದಿದೋರಲ್ವಾ ಅವ್ರು?”

“ಹೌದು.”

ಅವರು ಮುಖ ಆಚೆ ತಿರುಗಿಸಿಕೊಂಡರು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

ಜ್ಯೋತಿಗೆ ಹದಿನೈದು ದಿನ ತರಗತಿಗೆ ಬರಬಾರದೆಂದು ಶಿಕ್ಷೆಯಾಯಿತು. ಹುಡುಗರು ‘ವೈರಸ್ ಸಾರ್’ ಎಂದು ಕರೆಯತೊಡಗಿದ್ದರಿಂದ ಮೇಷ್ಟ್ರಿಗೂ ಇಲ್ಲಿ ಮನಸ್ಸು ನಿಲ್ಲಲಿಲ್ಲ. ಎರಡು ತಿಂಗಳಿಗೆ ದಾವಣಗೆರೆಯಲ್ಲೇ ಕೆಲಸ ಹಿಡಿದು ಹೋದರು. ಬೇರೆ ಮೇಷ್ಟ್ರು ಸಿಗಲಿಲ್ಲ. ಕೊನೆಗೆ ಶಾಂತವೀರಪ್ಪನವರು ಟೋಪಿ ಸರಿಮಾಡಿಕೊಂಡು ಹಾಸ್ಟೆಲಿನ ಗೇಟಿಗೇ ಬಂದರು.

“ನೀನೇ ಪಾಠ ಹೇಳಮ್ಮಾ. ಹೆಂಗೂ ಆ ಮಷೀನುಗಳು ನಿನ್ನ ಮಾತು ಕೇಳ್ತಾವೆ.”

ಅವಳು ಒಪ್ಪಿಕೊಂಡಳು. ಗಡಿಯಾರ ಇಟ್ಟು ಎಲ್ಲರಿಗೂ ಕುರ್ಚಿಯಲ್ಲಿ ಸಮನಾಗಿ ಹತ್ತತ್ತು ನಿಮಿಷ ಎಂದು ಗೊತ್ತುಮಾಡಿದಳು. ಧೂಳು ಒರೆಸುವುದು ಹುಡುಗರಿಗೆ ಹೋಯಿತು. ಮೊದಲ ದಿನವೇ ಶಾಂತವೀರಪ್ಪನವರು, “ನಂಗೂ ಹತ್ತು ನಿಮಿಷ ಕೊಡ್ರೀ ಟೀಚರ್ರೇ” ಎಂದು ಬಂದು ಕೂತರು. ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವಷ್ಟರಲ್ಲಿ ನಮ್ಮೆಲ್ಲರ ಸರದಿಯೂ ಮುಗಿದಿತ್ತು. ಮುಗಿದ ಮೇಲೆ ಅಳಿಸಲು ಬಿಡಲಿಲ್ಲ. ಮನೆಯವರನ್ನೆಲ್ಲ ಕರೆತಂದು ತೋರಿಸಬೇಕೆಂದು ಹೊರಟರು. ಅವರು ಹೆಂಡತಿ, ಸೊಸೆ, ಬೀಗರನ್ನು ಕರೆದುಕೊಂಡು ವಾಪಸ್ ಬರುವ ಹೊತ್ತಿಗೆ ಕರೆಂಟ್ ಹೋಗಿತ್ತು.