ಗುಜರಿಗೆ ಬಂದ ಕಡಾಣಿ

ಗುಂಡ್ಲುಪೇಟೆಯ ಗುಜರಿ ಅಂಗಡಿಗೆ ಹಳೆ ಪೇಪರ್ ಹಾಕಲು ಹೋಗಿದ್ದ ನಾನು ಆ ಕಡಾಣಿಯನ್ನು ಕೈಗೆತ್ತಿಕೊಂಡಿದ್ದೇ ತಡ, ಅದನ್ನು ತಂದಿದ್ದ ಹೆಣ್ಣುಮಗಳು ನನ್ನ ಕೈ ಹಿಡಿದುಕೊಂಡಳು. ಭೀಮನಬೀಡು ಕಡೆಯವಳು. ಮುರಿದ ಎತ್ತಿನ ಗಾಡಿಯ ಕಬ್ಬಿಣವನ್ನೆಲ್ಲ ಮೂಟೆ ಕಟ್ಟಿ ತಂದಿದ್ದಳು.

ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಗೂಟ ಅದು. ಕುಲುಮೆಯಲ್ಲಿ ಬಡಿದ ಸುತ್ತಿಗೆಯ ಗುರುತು ಇನ್ನೂ ಇತ್ತು. ತಲೆಯನ್ನು ಹಾವಿನ ಹೆಡೆಯಂತೆ ಬಾಗಿಸಿದ್ದರು. ಈಗ ಇಂಥದ್ದನ್ನು ಯಾರು ಮಾಡುತ್ತಾರೆ? ಶೋಕೇಸಿನಲ್ಲಿಡೋಣ ಅನ್ನಿಸಿತ್ತು.

“ಮನೇಲಿ ಬಸುರಿ ಬಾಣ್ತಿ ಯಾರಾರ ಅವ್ರಾ ಅಮ್ಮ?” ಎಂದಳು.

ಮಗಳು ಹೆರಿಗೆಗೆ ಬಂದಿದ್ದಾಳೆ ಎಂದೆ.

“ಅಂಗಾರೆ ಬ್ಯಾಡ ಕಣಮ್ಮ. ಗಾಳಿ ಗೀಳಿ ಸೋಕ್ದೆ ಇರ್ಲಿ ಅಂತ ನನ್ ಕೂಸಿನ ತಲೆದೆಸೇಲಿ ಮಡಗಿದ್ದು ಇದ್ನೇಯ. ಕೂಸು ಉಳೀನಿಲ್ಲ.”

ಕಡಾಣಿಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು, ಕರಗಲು ಹೋಗುವ ಕಬ್ಬಿಣದ ರಾಶಿಗೆ ಅವಳೇ ಎಸೆದಳು. ಹೆಕ್ಕಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮನೆಗೆ ಬಂದಾಗ ಮಗಳು ಮಲಗಿದ್ದಳು. ಅವಳ ದಿಂಬಿನಡಿ ನಾನೇ ಇಟ್ಟಿದ್ದ ಅಡಕತ್ತರಿಯ ಹಿಡಿ ಹೊರಗೆ ಕಾಣುತ್ತಿತ್ತು. ಅದನ್ನು ಒಳಕ್ಕೆ ತಳ್ಳಲು ಹೋದ ನನ್ನ ಕೈ ಅಲ್ಲೇ ನಿಂತಿತು.